ನಾನೂರ ಹನ್ನೆರಡು ನೀಲಿ ಬಕೀಟುಗಳ ವಿಷಯವಾಗಿ

ತಡಸ ಕ್ರಾಸ್,
ಫೆಬ್ರವರಿ ೩೦, ೨೧೯೩

ಪೂಜ್ಯ ಮೈಲಾರೆಪ್ಪ ಕಡೇಮನಿಯವರಿಗೆ, ನಿಮ್ಮ ಮರಿಮಗನ ಮಗಳು ಗುರುಶಾಂತವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಪತ್ರವನ್ನು ಹರಿದು ಒಗೆಯಬೇಡಿ. ಫೆಬ್ರವರಿಗೆ ಮೂವತ್ತು ದಿನ ಕೊಟ್ಟು ನಲವತ್ತು ವರ್ಷವಾಯಿತು. ಪಾಪ, ಅದೊಂದಕ್ಕೇ ಯಾಕೆ ಕಡಿಮೆ ಎಂದು ಯಾರೋ ಪುಣ್ಯಾತ್ಮರು ಜುಲೈ, ಆಗಸ್ಟ್‌ಗಳಿಂದ ಒಂದೊಂದು ದಿನ ಕಿತ್ತು ಇದಕ್ಕೆ ಹಚ್ಚಿದರು. ನಿಮಗೆ ತಿಳಿಯದ ಮಾತುಗಳು ಬಂದರೆ ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಇನ್ನೊಂದು ತೊಡಕಿದೆ. ನನಗೀಗ ಎಪ್ಪತ್ತೊಂದು, ನಿಮಗೆ ಮೂವತ್ತನಾಲ್ಕು. ಸಂಬಂಧದಲ್ಲಿ ನೀವು ನನ್ನ ಮುತ್ತಜ್ಜನ ಅಪ್ಪ, ವಯಸ್ಸಿನಲ್ಲಿ ನನ್ನ ಕಿರಿಯ ಮಗನಿಗಿಂತ ಸಣ್ಣವರು. ಸಮಾಧಾನ ಇರುವಷ್ಟು ಹೊತ್ತು ‘ನೀವು’ ಎನ್ನುತ್ತೇನೆ. ಸಿಟ್ಟು ಬಂದಾಗ ‘ನೀನು’ ಎಂದರೆ ಬೇಜಾರು ಮಾಡಿಕೊಳ್ಳಬೇಡಿ. ಸಿಟ್ಟು ಬರುವ ಸಂಭವ ಇದೆ.

ಇದು ಹಿಂದಂಚೆಯಲ್ಲಿ ಬರುತ್ತಿರುವ ಪತ್ರ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಹೋಗುವ ಟಪಾಲು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ಬಹಳ ಜನ ಅದನ್ನು ಇಪ್ಪತ್ತು ವರ್ಷದ ತಮಗೆ ತಾವೇ ಬರೆದುಕೊಳ್ಳುತ್ತಾರೆ, ‘ಆ ಸಂಬಂಧ ಬೇಡ’ ಎಂದು. ಜಾಗದ ರೇಟು, ಕ್ರಿಕೆಟ್ ಫಲಿತಾಂಶ ಬರೆದರೆ ಗುಮಾಸ್ತರು ಕಪ್ಪು ಬಳಿದು ಕಳಿಸುತ್ತಾರೆ. ಮೊದಲು ಅರ್ಜಿ ಕೊಡಲು ಹೋದಾಗ ಹುಬ್ಬಳ್ಳಿಯ ಗುಮಾಸ್ತೆ ಅದರಲ್ಲಿ ನಿಮ್ಮ ಹೆಸರು ಓದಿ, “ಅವ್ವಾರ, ಇರೂದೊಂದು ಪತ್ರ. ಅದನ್ನ ಸತ್ತೋರಿಗ್ಯಾಕ ಬರೀತೀರಿ?” ಎಂದು ಕೇಳಿದಳು. ಹೊಟ್ಟೆಯ ಉರಿಗೆ ಎಂದೆ.

ಲೆಕ್ಕ ಸರಿಯಿದ್ದರೆ ಈ ಪತ್ರ ಕೈ ಸೇರುವಾಗ ನೀವು ಬ್ಯಾಡಗಿ ಮೆಣಸಿನಕಾಯಿ ಹೇರಿದ ಲಾರಿಯೊಂದಿಗೆ ಪೆಟ್ರೋಲ್ ಬಂಕಿನ ಸಾಲಿನಲ್ಲಿ ನಿಂತಿರುತ್ತೀರಿ. ಬೆಳಿಗ್ಗೆ ನಿಮ್ಮ ಹೆಂಡತಿಯ ತಮ್ಮ ಗುಡ್ಡಪ್ಪ ಮೊಬೈಲಿನಲ್ಲಿ ಧ್ವನಿ ಕಳಿಸಿದ್ದಾನೆ: “ಮಾವಾ, ನಾಳಿಂದ ಡೆಫ್ ಸಿಗಂಗಿಲ್ಲಂತ. ಪರದೇಶದಿಂದ ಯೂರಿಯಾ ಬರೂದು ನಿಂತೈತಂತ. ಲಾರಿ ಎಲ್ಲಾ ಚಕ್ಕಡಿಗತೆ ತೆವಳ್ತಾವಂತ!” ಡೆಫ್ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಪತ್ರವನ್ನು ಮೊದಲು ಓದುವ ಗುಮಾಸ್ತೆಗಾಗಿ ಬರೆಯುತ್ತೇನೆ: ಅದು ಲಾರಿಯ ಹೊಗೆಯನ್ನು ತೊಳೆಯುವ ಯೂರಿಯಾ ನೀರು. ಅದು ಮುಗಿದರೆ ಡೀಸೆಲ್ ತುಂಬಿದ್ದರೂ ಗಾಡಿಗೆ ಶಕ್ತಿ ಬರುತ್ತಿರಲಿಲ್ಲ. ಗುಡ್ಡಪ್ಪನ ಮಾತಿನಲ್ಲಿ ‘ಅಂತ’ ಎಷ್ಟು ಸಲ ಬಂದಿದೆ ನೋಡಿ. ಅದನ್ನು ನೀವು ಗಮನಿಸಲಿಲ್ಲ. ಇದ್ದ ಎರಡು ಲಾರಿಗಳಲ್ಲಿ ಒಂದನ್ನು ಮಾರಿ, ಸಂಜೆಯೊಳಗೆ ಹಾವೇರಿಯಿಂದ ಹುಬ್ಬಳ್ಳಿಯ ತನಕ ಸಿಕ್ಕ ಡೆಫ್ ತುಂಬಿದ ನೀಲಿ ಬಕೀಟುಗಳನ್ನೆಲ್ಲ, ಒಟ್ಟು ನಾನೂರ ಹನ್ನೆರಡನ್ನು, ಬಳಿದುಕೊಂಡು ಬರುತ್ತೀರಿ. ಲಾರಿಗೆ ಹಾಕುವ ನೀರಿಗಾಗಿ ಲಾರಿಯನ್ನೇ ಮಾರಿದವನು ಈ ಭೂಮಂಡಲದಲ್ಲಿ ನೀನೊಬ್ಬನೇ ಇರಬೇಕು, ಮಾರಾಯ!

ಕ್ಷಮಿಸಿ. ಕೊರತೆ ಒಂಬತ್ತು ದಿನಕ್ಕೆ ಮುಗಿಯುತ್ತದೆ. ಹತ್ತನೆಯ ದಿನ ಬಂಕಿನವರು ಬಕೀಟುಗಳನ್ನು ರಸ್ತೆಗೇ ಇಟ್ಟು ಕರೆಯುತ್ತಾರೆ. ಆಗ ನೀವು ನಗುವವರ ಎದುರು ಮೀಸೆ ತಿರುವಿ, “ಇನ್ನೊಮ್ಮೆ ಬಂದಽ ಬರ್ತೈತಿ, ಅವತ್ತ ನನ್ನ ಬಾಗಿಲಿಗೇ ಬರ್ತೀರಿ” ಎಂದು ತಗಡಿನ ಶೆಡ್ಡಿಗೆ ಬೀಗ ಜಡಿಯುತ್ತೀರಿ. ಬಕೀಟಿನ ಮೇಲೆ ‘ತಂಪಾದ ಜಾಗದಲ್ಲಿಡಿ, ಒಂದು ವರ್ಷದೊಳಗೆ ಬಳಸಿ’ ಎಂದು ಅಚ್ಚಾಗಿದೆ. ತಡಸದ ಬೇಸಿಗೆಯಲ್ಲಿ, ತಗಡಿನ ಕೆಳಗೆ!

ಆ ಬೀಗದ ಕೈ ಮನೆತನದ ಹಿರಿಯರಿಂದ ಹಿರಿಯರಿಗೆ ಬಂದು, ನನ್ನ ಇಪ್ಪತ್ತೆರಡನೆಯ ವಯಸ್ಸಿಗೆ ನನ್ನ ಸೊಂಟ ಸೇರಿತು. ನಾವು ಈಗ ಕಡೇಮನಿಯವರಲ್ಲ, ‘ನೀಲಿ ಬಕೀಟಿನವರು’. ಪ್ರತಿ ಆಯುಧ ಪೂಜೆಗೆ ಮುಂದಿನ ಸಾಲಿನ ಒಂದು ಬಕೀಟನ್ನು ಹೊರಗೆ ತಂದು, ವಿಭೂತಿ ಹಚ್ಚಿ, ಚೆಂಡುಹೂವು ಏರಿಸಿ, ಎದುರಿಗೆ ಕುಂಬಳಕಾಯಿ ಒಡೆಯುತ್ತೇವೆ. ಒಳಗೇನಿದೆಯೆಂದು ಯಾರೂ ಕೇಳುವಂತಿಲ್ಲ. ‘ಅದಿಲ್ಲದಿದ್ದರೆ ಹಿಂದೆ ದಾರಿಗಳೇ ನಿಂತುಹೋಗುತ್ತಿದ್ದವಂತೆ’ ಎಂಬುದಷ್ಟೇ ಊರಿಗೆ ಗೊತ್ತು. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಗಂಡು ಹುಡುಕುವುದು ಕಷ್ಟವಾಗಿಲ್ಲ. ಶೆಡ್ಡಿನ ಕಡೆ ಒಮ್ಮೆ ಕೈ ತೋರಿಸಿದರೆ ಮಾತುಕತೆ ಮುಗಿಯುತ್ತದೆ.

ಬೀಗದ ಕೈ ಸಿಕ್ಕ ವಾರದಲ್ಲೇ ನಾನು ಒಂದು ಬಕೀಟು ಬಿಚ್ಚಿದ್ದೆ. ತಳದಲ್ಲಿ ಬೆಳ್ಳಗಿನ ಹೆಪ್ಪು, ಮೂಗು ಕಿತ್ತುಹೋಗುವ ವಾಸನೆ, ಅಷ್ಟೇ. ನಲವತ್ತೊಂಬತ್ತು ವರ್ಷಗಳಿಂದ ಇದನ್ನು ನಾನೊಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ.

ಈಗ ಏನಾಯಿತು ಕೇಳಿ. ನಮ್ಮ ಕಾಲದಲ್ಲಿ ಲಾರಿಯಿಲ್ಲ. ಹಾಸುದಾರಿ ಇದೆ. ದಾರಿಯೇ ಚಲಿಸುತ್ತದೆ. ತಡಸದಲ್ಲಿ ನಿಂತು ಮೆಣಸಿನಕಾಯಿ ಚೀಲವನ್ನು ಅದರ ಮೇಲಿಟ್ಟು, ಇಳಿಯಬೇಕಾದ ಊರಿನ ಹೆಸರು ಕೂಗಿದರೆ ಸಾಕು, ತಾನೇ ಹೋಗುತ್ತದೆ. (ಹೆಸರು ಸ್ಪಷ್ಟವಾಗಿ ಕೂಗಬೇಕು. ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಕೂಗಿದ ನಮ್ಮ ಪಕ್ಕದ ಮನೆಯವರ ರೊಟ್ಟಿ ಬುಟ್ಟಿ ಇವತ್ತಿಗೂ ಎಲ್ಲೋ ಸುತ್ತುತ್ತಿದೆ.) ದಾರಿ ಅಂಟಿಕೊಳ್ಳದಿರಲು ಅದರಡಿಯಲ್ಲಿ ಜಾರುಹಿಟ್ಟು ಎಂಬ ಬೂದು ಪುಡಿ ಇರುತ್ತದೆ. ಹದಿನೈದು ದಿನದ ಕೆಳಗೆ, ಜಾರುಹಿಟ್ಟು ಇನ್ನು ಬರುವುದಿಲ್ಲವಂತೆ ಎಂದು ಸುದ್ದಿ ಎದ್ದಿತು. ಯಾರೂ ಕದಿಯಲಿಲ್ಲ. ಆದರೆ ಪ್ರತಿಯೊಬ್ಬರೂ ಬಗ್ಗಿ, ‘ಮನೆಯಲ್ಲಿ ಒಂದಿಷ್ಟು ಇರಲಿ’ ಎಂದು ದಾರಿಯ ಅಡಿಯಿಂದ ಒಂದೊಂದು ತಂಬಿಗೆ ತುಂಬಿಕೊಂಡು ಹೋದರು. ಮನೆಯಲ್ಲಿ ಅದರಿಂದ ಏನು ಮಾಡುತ್ತಾರೆ? ಅಂಬಲಿ ಕಾಯಿಸುತ್ತಾರೆಯೇ? ಮೊನ್ನೆ ಸೋಮವಾರ ತಡಸ ಕ್ರಾಸಿನಲ್ಲಿ ದಾರಿ ನಿಂತಿತು.

ಈಗ ಊರೆಲ್ಲ ನನ್ನ ಬಾಗಿಲಲ್ಲಿದೆ. ನೀವು ಹೇಳಿದ ಹಾಗೆಯೇ ಆಯಿತು, ಸಂತೋಷಪಡಿ. ಮುಂದೆ ನಿಂತವರು ಬಾಳಂಬೀಡದ ಶಿದ್ಲಿಂಗಪ್ಪನವರು. ನನ್ನ ಮೊಮ್ಮಗಳು ಮಿಂಚವ್ವನನ್ನು ಅವರ ಮೊಮ್ಮಗನಿಗೆ ಕೊಡುವುದೆಂದು ಗೊತ್ತಾಗಿದೆ, ಮಾರ್ಚ್ ಐದಕ್ಕೆ ಅಕ್ಷತೆ. “ಬೀಗತ್ಯಾರ, ನಮಗ ಬ್ಯಾರೆ ಏನೂ ಬ್ಯಾಡ್ರೀ. ಎರಡು ಬಕೀಟ ತಗೀರಿ, ದಾರಿಗೆ ಹಾಕೂಣು. ಊರಿಗೂ ಛಲೋ, ನಿಮ್ಮ ಹುಡುಗಿ ನಮ್ಮನಿಗೆ ಕಾಲಿಡೂದಕ್ಕೂ ಛಲೋ” ಎಂದರು. ನಾಳೆ ಮಧ್ಯಾಹ್ನ ಬಾಗಿಲು ತೆಗೆಯುತ್ತೇನೆ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ತೆಗೆದರೆ ಮಿಂಚವ್ವ ಸುಳ್ಳರ ಮನೆಯ ಹುಡುಗಿಯಾಗುತ್ತಾಳೆ. ಆ ಹುಡುಗನೆಂದರೆ ಅವಳಿಗೆ ಜೀವ. ಅವಳ ಮುಖ ನೋಡಲು ನನಗೆ ಧೈರ್ಯ ಸಾಲುತ್ತಿಲ್ಲ. ಅದಕ್ಕೇ ಕೈಮುಗಿದು ಬೇಡುತ್ತೇನೆ, ಮೈಲಾರೆಪ್ಪನವರೇ: ಸಾಲು ಬಿಟ್ಟು ಹೊರಗೆ ಬನ್ನಿ. ಎರಡು ಬಕೀಟು ಕೊಂಡು ಸುಮ್ಮನೆ ಮನೆಗೆ ಹೋಗಿ. ನೀವು ಕೊಳ್ಳದಿದ್ದರೆ ನಾನು ನಾಳೆ ಸಾಯಬೇಕಾಗಿಲ್ಲ.

ಮಾರ್ಚ್ ೩

ಪತ್ರವನ್ನು ಟಪಾಲಿಗೆ ಹಾಕಲಿಲ್ಲ. ಗಡಿಬಿಡಿಯಲ್ಲಿ ಮರೆತೆ. ಮರೆತದ್ದು ಒಳ್ಳೆಯದಾಯಿತು, ನನ್ನ ಬೇಡಿಕೆ ಬದಲಾಗಿದೆ.

ಬಾಗಿಲು ತೆಗೆದೆ. ಎಲ್ಲರೆದುರಿಗೆ ಕೊಡಲಿಯ ಹಿಂಬದಿಯಿಂದ ಹತ್ತು ಮುಚ್ಚಳ ಒಡೆದೆ. ಆ ವಾಸನೆಗೆ ಮುಂದಿನ ಸಾಲಿನವರ ಕಣ್ಣಲ್ಲಿ ಧಾರಾಕಾರ ನೀರು. ಹಿಂದಿನ ಸಾಲಿನವರು ಭಕ್ತಿಯಿಂದ ಅಳುತ್ತಿದ್ದಾರೆಂದು ತಿಳಿದು ತಾವೂ ಕೈಮುಗಿದರು. “ಏನೂ ಇಲ್ರಪ್ಪಾ, ಏನೇನೂ ಇಲ್ಲ. ನನಗ ಮೊದಲಿಂದ ಗೊತ್ತಿತ್ತು” ಎಂದು ಕೂಗಿದೆ. 

ಶಿದ್ಲಿಂಗಪ್ಪನವರು ಕಣ್ಣೊರೆಸಿಕೊಂಡು ಒಳಗೆ ಇಣುಕಿ ನೋಡಿದರು. ಅಲ್ಲಿಂದ ಬಂದು ನನ್ನ ಪಕ್ಕ ನಿಂತು, ಊರಿಗೆಲ್ಲ ಕೇಳುವಂತೆ, “ನಮ್ಮನ್ಯಾಗ ಒಂದು ಖೋಲಿ ತುಂಬ ಉಪ್ಪೈತ್ರೀ” ಎಂದರು. ಅವರ ಮುತ್ತಜ್ಜನ ಕಾಲದಲ್ಲಿ ಉಪ್ಪು ಸಿಗುವುದಿಲ್ಲವಂತೆ ಎಂದು ಕೂಡಿಟ್ಟಿದ್ದಂತೆ. ಅದೆಲ್ಲ ಒಂದೇ ಬಂಡೆಯಾಗಿ ಬಾಗಿಲನ್ನು ಒಳಗಿನಿಂದ ಹಿಡಿದುಕೊಂಡಿದೆಯಂತೆ. ಊರವರು ಕೇಳಿದರೆ ದೇವರ ಕೋಣೆ ಎನ್ನುತ್ತಿದ್ದರಂತೆ. ಮೊದಲು ನಕ್ಕವಳು ಮಿಂಚವ್ವ. ಆಮೇಲೆ ಯಾರು ಯಾರನ್ನು ತಡೆಯುವುದು? ನಕ್ಕು ನಕ್ಕು ಸಾಕಾದ ಜನ ಒಬ್ಬೊಬ್ಬರೇ ಮನೆಗೆ ಹೋಗಿ, ಸೆರಗಿನಲ್ಲಿ, ಟವೆಲಿನಲ್ಲಿ ಮರೆಮಾಡಿಕೊಂಡು ತಂಬಿಗೆಗಳನ್ನು ತಂದರು. ಒಬ್ಬರ ತಂಬಿಗೆ ಇನ್ನೊಬ್ಬರಿಗೆ ಕಂಡಿಲ್ಲವೆಂಬಂತೆ ದಾರಿಯಡಿಗೆ ಸುರಿದರು. ಮೂರು ಗಂಟೆಯ ಸುಮಾರಿಗೆ ದಾರಿ ಹೊರಟಿತು.

ಮದುವೆ ನಾಡಿದ್ದು ಅದೇ ಶೆಡ್ಡಿನಲ್ಲಿ. ಊಟದ ಪಂಕ್ತಿಗೆ ಜಾಗ ಬೇಕೆಂದು ನಿನ್ನೆ ಬಕೀಟುಗಳನ್ನೆಲ್ಲ ಹೊರಗೆ ಹಾಕಿಸಿದೆ. ನಾನು ಒಡೆದ ಹತ್ತನ್ನು ಬಿಟ್ಟು ಸೀಲು ಕಿತ್ತದ್ದು ಒಂದೇ ಇರಬೇಕಿತ್ತು, ಹಿಂದೆ ನಾನು ಬಿಚ್ಚಿದ್ದು. ಆದರೆ ಏಳು ಸಿಕ್ಕವು. ಒಂದಕ್ಕೆ ತಾಮ್ರದ ತಂತಿ ಸುತ್ತಿತ್ತು. ಕಂಡದ್ದಕ್ಕೆಲ್ಲ ತಾಮ್ರದ ತಂತಿ ಸುತ್ತುತ್ತಿದ್ದವರು ನಮ್ಮಪ್ಪ. ಒಂದಕ್ಕೆ ಅಜ್ಜನ ಧೋತರದ ಅಂಚು. ಒಂದು ನಿಮ್ಮ ಮಗನದು, ಮುಚ್ಚಳಕ್ಕೆ ಅರಗು ಸುರಿದು ತನ್ನ ಹೆಬ್ಬೆಟ್ಟು ಒತ್ತಿದ್ದಾನೆ. ಲಾರಿಯ ನಟ್ಟು ಬೋಲ್ಟಿನಿಂದ ಬಿಗಿದದ್ದು ಯಾರದೆಂದು ನೀವೇ ಹೇಳಿ. ಪ್ರತಿಯೊಬ್ಬರೂ ಬಿಚ್ಚಿ ನೋಡಿದ್ದೀರಿ, ಪ್ರತಿಯೊಬ್ಬರೂ ಮತ್ತೆ ಮುಚ್ಚಿ, ತನಗೊಬ್ಬನಿಗೇ ಗೊತ್ತೆಂದುಕೊಂಡು ಬದುಕಿದ್ದೀರಿ. ಐದನೆಯದು ನನ್ನದು. ಆರನೆಯದನ್ನು ನೋಡಿ ಮಿಂಚವ್ವ ತಲೆ ಕೆರೆದುಕೊಂಡು, “ಅದು ನಂದು, ಆಯಿ. ಹನ್ನೆರಡು ವರ್ಷದಾಕಿ ಇದ್ದಾಗ ಬಿಚ್ಚಿದ್ದೆ. ನಿನಗ ಗೊತ್ತಾದ್ರ ಎದಿ ಒಡಕೊಂತಿ ಅಂತ ಸುಮ್ಮನಿದ್ದೆ” ಎಂದಳು. ನಾನು ಅವಳನ್ನು ಹೊಡೆಯಲು ಹೋದವಳು ಅಪ್ಪಿಕೊಂಡು ಅತ್ತೆ.

ಏಳನೆಯದು ಎಲ್ಲಕ್ಕಿಂತ ಹಿಂದೆ, ಗೋಡೆಗೆ ಒತ್ತಿಕೊಂಡಿತ್ತು. ಮುಚ್ಚಳದ ಒಳಬದಿಗೆ ಉಗುರಿನಿಂದಲೋ ಮೊಳೆಯಿಂದಲೋ ಗೀಚಿದ ಅಕ್ಷರಗಳಿದ್ದವು. ಓದಲು ನನಗೆ ಅರ್ಧ ಗಂಟೆ ಹಿಡಿಯಿತು. “ಒಂದು ಹನಿ ಉಳಿದಿಲ್ಲ. ಇವರಾಗೇ ಬಂದು ಹೇಳಲಿ. ಅಲ್ಲೀತನಕ ನಾ ಕೇಳಂಗಿಲ್ಲ. ಹೊನ್ನವ್ವ.” ಹೊನ್ನವ್ವ ನಿಮ್ಮ ಹೆಂಡತಿ. ಈಗ ಮನೆಯಲ್ಲಿ ನಿಮಗಾಗಿ ಬುತ್ತಿ ಮುಚ್ಚಿಟ್ಟು ಕುಳಿತಿರುವವರು.

ಕೊಳ್ಳಬೇಡಿ ಎಂದು ಈಗ ಹೇಳುವುದಿಲ್ಲ. ಹೇಳಿದರೂ ನೀವು ಕೇಳುವವರಲ್ಲ, ಗುಡ್ಡಪ್ಪನ ಮಾತಿನ ಎದುರು ನನ್ನ ಮಾತು ಎಷ್ಟರದು? ಕೊಳ್ಳಿ, ಬೀಗ ಹಾಕಿ, ಮೀಸೆಯನ್ನೂ ತಿರುವಿ. ಒಂದು ದಿನ ನೀವೊಬ್ಬರೇ ಒಳಗೆ ಹೋಗಿ ಒಂದು ಬಕೀಟು ಬಿಚ್ಚುತ್ತೀರಿ. ಅವತ್ತು ಬೋಲ್ಟು ಹುಡುಕಬೇಡಿ. ಮುಚ್ಚಳವನ್ನು ಅಲ್ಲೇ ಬಿಟ್ಟು, ಸೀದಾ ಅಡುಗೆಮನೆಗೆ ಹೋಗಿ ಹೊನ್ನವ್ವನ ಎದುರು ಕುಳಿತುಕೊಳ್ಳಿ. ಬಾಯಿ ಬಿಡುವುದು ಕಷ್ಟ, ನನಗೆ ಗೊತ್ತಿದೆ. ಅವರು ನಿಮಗಿಂತ ಮೊದಲೇ ನೋಡಿದ್ದಾರೆ. ಜೀವನವಿಡೀ ಕಾದರೂ ನೀವು ಹೇಳಲಿಲ್ಲ. ಹೇಳಿಬಿಡಿ.

ನಿಮ್ಮ ಮನೆಯ ಮಗಳು,
ಗುರುಶಾಂತವ್ವ