ಬಿರುಕಿನ ಮೇಲಿನ ಗಾಜು

ಇಂಜಿನಿಯರ್ ಸಾಹೇಬರಿಗೆ, ಮೂಲೆಮನೆಯ ಸೊಸೆ ಮಾಡುವ ನಮಸ್ಕಾರ.

ಪಾಯದಿಂದ ಗೋಡೆಗೆ ಹತ್ತಿದ ಬಿರುಕಿಗೆ ಅಡ್ಡಲಾಗಿ ನೀವು ಗಾಜಿನ ಪಟ್ಟಿ ಅಂಟಿಸಿ, "ಇದು ಒಡೆದ್ರೆ ಪಾಯ ಇನ್ನೂ ಕುಸೀತಿದೆ ಅಂತ. ಮನೆ ಬಿಡ್ಬೇಕಾಗತ್ತೆ" ಎಂದಿದ್ದಿರಿ. ನಾಳಿದ್ದು ನೀವು ಬಂದಾಗ ಗಾಜು ಇಡಿಯಾಗಿಯೇ ಕಾಣುತ್ತದೆ. ಅದನ್ನು ನಂಬಬೇಡಿ.

ಮೊನ್ನೆ ಮಧ್ಯಾಹ್ನ ನನಗೆ ಜೊಂಪು ಹತ್ತಿತ್ತು. ಮನೆ ದೋಣಿಯಂತೆ ಮೆಲ್ಲಗೆ ತೂಗುತ್ತಿತ್ತು. ಟಕ್ಕೆಂದು ಸದ್ದಾಯಿತು. ಅರೆಗಣ್ಣಲ್ಲಿ ನೋಡಿದರೆ ಮಾವನವರು ಒಡೆದ ಚೂರು ಕಿತ್ತು, ಬೇರೆ ಗಾಜು ಕೂರಿಸುತ್ತಿದ್ದರು. "ಮನೆ ಮೈ ಮುರೀತಿದೆ ಅಷ್ಟೇ, ನೀನು ಮಲ್ಕೋಮ್ಮ" ಎಂದರು. ಕನಸಿರಬೇಕು ಎಂದುಕೊಂಡು ಮತ್ತೆ ಕಣ್ಣು ಮುಚ್ಚಿದೆ. ಎದ್ದು ನೋಡಿದರೆ ಅತ್ತೆಯ ಫೋಟೋಗೆ ಗಾಜಿರಲಿಲ್ಲ.

ಈ ಪಾಯ ಹಾಕಿದ ಮೇಸ್ತ್ರಿ ಮಾವನವರೇ. ಅವರು ಕಟ್ಟಿದ ಇನ್ಯಾವ ಮನೆಯೂ ಬಿರುಕು ಬಿಟ್ಟಿಲ್ಲವಂತೆ. ಅದನ್ನು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ.

ಮನೆ ಬಿಡಿ ಎಂದು ಖಂಡಿತ ಹೇಳಿ. ಮಕ್ಕಳ ಬಟ್ಟೆಬರೆ ಆಗಲೇ ಕಟ್ಟಿಟ್ಟಿದ್ದೇನೆ. ಆದರೆ ತಪ್ಪು ಮಣ್ಣಿನದು ಎನ್ನಿ. ಹಾಗೆನ್ನುವಾಗ, ಗಾಜು ಕೊಯ್ದ ಅವರ ಬೆರಳಿಗೆ ಸುತ್ತಿರುವ ಬಟ್ಟೆಯನ್ನು ದಯವಿಟ್ಟು ಕಂಡೂ ಕಾಣದಂತಿರಿ.

ಹನ್ನೊಂದು ವರ್ಷ ಆ ಪಾಯದ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದ,
ಮೇಸ್ತ್ರಿಯ ಸೊಸೆ