ತೂತಿಲ್ಲದ ಸೊಪ್ಪಿನ ಬಗ್ಗೆ ಆಹಾರ ಸುರಕ್ಷತಾ ಅಧಿಕಾರಿಗಳಿಗೆ

ನನ್ನ ಹೋಟೆಲಿನ ಗೋಡೆ ನೋಡಿ ತಲೆದೂಗಿದ ಮಾನ್ಯರೇ,

ನಿಮ್ಮ ಒಪ್ಪಿಗೆ ಪಡೆದ ಸಾವಯವ ಸೊಪ್ಪು ಸಾವಯವವಲ್ಲ. ಅದು ನನಗೆ ಗೊತ್ತಿತ್ತು. ದೂರು ನಿಮ್ಮ ಮೇಲಿದೆ, ನಾಚಿಕೆ ನನ್ನದು. ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವನು ನಾನು. ಸೀಲು ಹೊಡೆದ ಕಾಗದ ಕಂಡರೆ ಈಗಲೂ ಹೆದರುತ್ತೇನೆ. ಬರವಣಿಗೆಯಲ್ಲಿ ತಪ್ಪಿದ್ದರೆ ಮನ್ನಿಸಿ, ವಿಷಯದಲ್ಲಿ ತಪ್ಪಿಲ್ಲ.

ವಿದ್ಯಾರಣ್ಯಪುರದಲ್ಲಿ ‘ಸಾವಯವ ಸೊಪ್ಪಿನ ಬಸ್ಸಾರು’ ಎಂದು ಬೋರ್ಡು ಹಾಕಿದಾಗ ಅದು ನಿಜವೇ ಆಗಿತ್ತು. ಚಿಕ್ಕಜಾಲದ ಸೊಣ್ಣಮ್ಮ ಕೊಟ್ಟಿಗೆ ಗೊಬ್ಬರ ಬಿಟ್ಟು ಬೇರೇನೂ ಹಾಕದೆ ಬೆಳೆದ ದಂಟು, ಕೀರೆಯನ್ನು ಬೆಳಗಿನ ಬಸ್ಸಿನಲ್ಲಿ ತಂದುಕೊಡುತ್ತಿದ್ದರು. ಹೋದ ಶ್ರಾವಣದಲ್ಲಿ ನೀವು ಬಂದು, “ಸರ್ಟಿಫಿಕೇಟ್ ಎಲ್ರೀ?” ಎಂದಿರಿ. “ತೋಟಾನೇ ನೋಡ್ಕೊಂಡ್ ಬನ್ನಿ ಸಾರ್, ನಾನೇ ಕರ್ಕೊಂಡ್ ಹೋಗ್ತೀನಿ” ಎಂದೆ. “ತೋಟ ಸುತ್ತೋದು ನನ್ ಕೆಲಸ ಅಲ್ಲ ಕಣ್ರೀ. ಪೇಪರ್ ತೋರ್ಸಿ, ಇಲ್ಲ ಬೋರ್ಡ್ ಇಳ್ಸಿ.”

ಇಳಿಸಿದ್ದರೆ ಮುಗಿಯುತ್ತಿತ್ತು. ಆದರೆ ಇಷ್ಟು ದಿನ ಸುಳ್ಳು ಹೇಳಿದ ಎಂದು ಜನ ಆಡಿಕೊಂಡಾರೆಂದು ಹೆದರಿದೆ. ಯಶವಂತಪುರದ ಸಗಟು ವ್ಯಾಪಾರಿಯೊಬ್ಬ ಸೊಪ್ಪಿನ ಜೊತೆ ಸರ್ಟಿಫಿಕೇಟಿನ ಜೆರಾಕ್ಸನ್ನೂ ಕೊಟ್ಟ. ಅದಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದೆ. ಸೊಣ್ಣಮ್ಮನನ್ನು ಬಾಗಿಲಲ್ಲೇ ತಡೆದು, “ನಿಮ್ ಸೊಪ್ಪಿಗೆ ಕಾಗದ ಇಲ್ವಲ್ಲಮ್ಮಾ” ಎಂದೆ. ಆಕೆ ಕಂತೆ ಬಿಚ್ಚಿ ಒಂದು ಎಲೆಯನ್ನು ಬೆಳಕಿಗೆ ಹಿಡಿದರು. “ಉಳ ತಿಂದು ತೂತು ಮಾಡೈತಲ್ಲಪ್ಪಾ, ಇದಕ್ಕಿಂತ ಸಾಕ್ಷಿ ಇನ್ನೇನ್ ಬೇಕು?” ಆದರೂ ಆಕೆಯನ್ನು ವಾಪಸು ಕಳಿಸಿದೆ. ಆ ಪ್ರಶ್ನೆಗೆ ನೀವಾದರೂ ಉತ್ತರ ಕೊಡಬಲ್ಲಿರಾ?

ಹೊಸ ಸೊಪ್ಪಿನಲ್ಲಿ ಹುಡುಕಿದರೂ ಒಂದು ತೂತಿಲ್ಲ. ತೊಳೆದರೆ ನೀರಿನ ಮೇಲೆ ಬಿಳಿ ಪೊರೆ, ಔಷಧಿಯ ವಾಸನೆ. ಇಂಗ್ಲಿಷ್ ಬಲ್ಲವರಿಂದ ಆ ಕಾಗದ ಓದಿಸಿದೆ. ಅದು ಯಾರದೋ ರಾಗಿ ಹೊಲದ್ದು! ನೀವು ಮಾತ್ರ ಎರಡನೇ ಸಲ ಬಂದಾಗ ಅದನ್ನು ದೂರದಿಂದಲೇ ನೋಡಿ, “ಈಗ ಸರಿಯಾಯ್ತು” ಎಂದು ಇನ್ನೊಂದು ಸೌಟು ಬಸ್ಸಾರು ಹಾಕಿಸಿಕೊಂಡಿರಿ. ಅಷ್ಟು ಓದಿದವರಿಗೆ ರಾಗಿಗೂ ದಂಟಿಗೂ ವ್ಯತ್ಯಾಸ ತಿಳಿಯಲಿಲ್ಲವೇ? ಅಥವಾ ಗಾಜು ಹಾಕಿ ಕಟ್ಟಿಸಿದ್ದನ್ನು ಓದಬೇಕಾಗಿಲ್ಲವೇ?

ನಮ್ಮ ರಸ್ತೆಯ ನೀಲಕ್ಕ ಗದಗದ ಕಡೆಯವರು. ಈಗ ಏಳು ತಿಂಗಳ ಬಸುರಿಯಾಗಿರುವ ಮಗಳು ಪ್ರತಿಭಾಳಿಗೆ ದಿನಾ ಬಸ್ಸಾರು ಒಯ್ಯುತ್ತಿದ್ದರು. “ನಿಮ್ಮ ಬೋರ್ಡ್ ನೋಡೇ ಧೈರ್ಯ ಬಂತ್ರಿ ಅಣ್ಣಾರ. ಹೊರಗಿಂದು ಏನೂ ಒಲ್ಲೆ ಅನ್ನಾಕಿ, ಇದೊಂದ ಉಣ್ತಾಳ.” ಎರಡು ತಿಂಗಳು ಆ ಡಬ್ಬಿ ತುಂಬಿಸಿದೆ. ಆಮೇಲೆ ತಡೆಯಲಾರದೆ, “ಸೊಪ್ಪು ಮುಗೀತಕ್ಕಾ” ಎನ್ನತೊಡಗಿದೆ. ಬೇರೆಯವರಿಗೆ ಬಡಿಸುತ್ತಲೇ ಇದ್ದೆ. ಮೊನ್ನೆ ಅವರು ಪಕ್ಕದ ಮೇಜು ತೋರಿಸಿ, “ಅವರ ತಾಟಿನ್ಯಾಗ ಐತಲ್ರಿ, ನನ್ನ ಮಗಳಿಗೆ ಯಾಕ ಇಲ್ಲ?” ಎಂದರು.

ಅವತ್ತೇ ಬಸ್ಸಾರು ನಿಲ್ಲಿಸಿದೆ. ಸಂಜೆ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ನೀಲಕ್ಕ ಮುಖ ತಿರುಗಿಸಿಕೊಂಡರು. ಪ್ರತಿಭಾ ಮಾತ್ರ ಮೆಲ್ಲಗೆ ಕೇಳಿದಳು: “ಅದಕ್ಕ ಏನ್ ಹೊಡದಿದ್ರು ಅಣ್ಣಾರ?”

ನನಗೆ ಗೊತ್ತಿರಲಿಲ್ಲ.

ಆದ್ದರಿಂದ ಸೊಪ್ಪು ಕೊಳೆಯುವ ಮುನ್ನ, ಬುಧವಾರದೊಳಗೆ ಬನ್ನಿ. ಫ್ರಿಜ್ಜಿನಲ್ಲಿ ಎತ್ತಿಟ್ಟಿರುವುದನ್ನು ಪ್ರಯೋಗಾಲಯಕ್ಕೆ ಒಯ್ಯಿರಿ, ನನ್ನ ಮೇಲೆ ಕೇಸು ಹಾಕಿ. ಚಿಕ್ಕಜಾಲಕ್ಕೂ ಹೋಗಿ, ಮಣ್ಣು ಮುಟ್ಟಿ ನೋಡಿ, ಸೊಣ್ಣಮ್ಮನಿಗೆ ಸಲ್ಲಬೇಕಾದ ಕಾಗದ ಕೊಡಿಸಿ. ಆದರೆ ಮೊದಲು ಪರೀಕ್ಷೆಯ ಫಲಿತಾಂಶ ಹಿಡಿದು ಪ್ರತಿಭಾಳ ಮನೆಗೆ ಹೋಗಿ. ಅವಳಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಿ. ನಾನೂ ಬಂದು ಪಕ್ಕದಲ್ಲಿ ನಿಲ್ಲುತ್ತೇನೆ.

ಇಂತಿ,
ಗೊತ್ತಿದ್ದೂ ಬಡಿಸಿದವನು,
ಮುನಿಶಾಮಿ