ಮುಂದಿನ ಎರಡು ಟೈರು

ಯಾದಗಿರಿ ಸ್ಟೇಷನ್
ಶನಿವಾರ ಮಧ್ಯಾಹ್ನ

ಮೈ ಡಿಯರ್ ಡಾಟರ್ ಅನುರಾಧಾ, ಜೈಭೀಮ್.

ಇದನ್ನು ಓದಿ ಮುಗಿಸುವವರೆಗೆ ಕಾರಿನ ಕೀಲಿ ಮುಟ್ಟಬೇಡ. ರೇಸಿನ ಹಿಂದಿನ ದಿನ ನೀನು ಫೋನ್ ಬಂದ್ ಇಡುತ್ತೀ ಎಂದು ಗೊತ್ತಿದ್ದೂ ಬೆಳಗಿನಿಂದ ಹನ್ನೊಂದು ಸಲ ಹಚ್ಚಿದೆ. ಈ ಪತ್ರವನ್ನೂ ಎರಡು ಟೈರುಗಳನ್ನೂ ಹೊತ್ತು ಗ್ಯಾರೇಜಿನ ಮೈನುದ್ದೀನ ಹೈದರಾಬಾದ್ ಗಾಡಿಗೆ ಕಾಯುತ್ತಿದ್ದಾನೆ. ನಾಳೆ ನೀನು ರೇಸಿನ ಆ ಗುಡ್ಡದ ರಸ್ತೆಗೆ ಹೋಗುವ ಮೊದಲು ಅವನು ನಿನ್ನನ್ನು ಹಿಡಿಯಬೇಕು.

ಗುರುವಾರ ನಿನ್ನ ಕೆಂಪು ಕಾರನ್ನು ಒಪ್ಪಿಸುವಾಗ ನಾಲ್ಕೂ ರೇಸಿನ ಹೊಸ ಟೈರು ಎಂದೆನಲ್ಲ, ಅದು ಸುಳ್ಳು. ಬಂದದ್ದು ಎರಡೇ. ಉಳಿದೆರಡು ಬರೋತನಕ ತಡೀರಿ ಸರ್, ಹಿಂಗ ಹಾಕಬಾರದ್ರಿ ಎಂದು ಮೈನುದ್ದೀನ ಬಡಕೊಂಡ. ಹೊರಳುವುದು ಮುಂದಿನ ಗಾಲಿ, ಹಿಂದಿನದು ಬರೇ ಬೆನ್ನಿಗೆ ಬರುತ್ತದೆ ಎಂದು ಬಿ.ಎಸ್ಸಿ. ಫಿಸಿಕ್ಸ್ ಓದಿದ ಸೊಕ್ಕಿನಲ್ಲಿ ಅವನ ಬಾಯಿ ಮುಚ್ಚಿಸಿದೆ. ನಿನಗೆ ಸರ್ಪ್ರೈಸ್ ಕೊಡುವ ಹುಚ್ಚು. ಹೊಸ ಎರಡನ್ನು ಮುಂದೆ ಹಾಕಿಸಿ, ಹಿಂದಿನ ಹಳೆಯವಕ್ಕೆ ಕಪ್ಪು ಪಾಲಿಶ್ ತಿಕ್ಕಿದೆ. ಅಪ್ಪನ ಮಾತೆಂದು ನೀನು ಬಗ್ಗಿ ನೋಡಲೂ ಇಲ್ಲ.

ಬುಧವಾರ ನಾನೊಬ್ಬನೇ ಭೀಮರಾಯನಗುಡಿಯ ಕಾಲುವೆ ರಸ್ತೆಗೆ ಒಯ್ದು ನೋಡಿದ್ದೆ. ಬೇರೆಯೇ ಕಾರು! ಮೊದಲು ಸ್ಟೀರಿಂಗ್ ತಿರುವಿದರೆ ಸ್ವಲ್ಪ ಯೋಚಿಸಿ ಹೊರಳುತ್ತಿತ್ತು; ಈಗ ಬೆರಳು ಅಲುಗಿದರೂ ಮೂಗು ಅತ್ತ. ಟೈರಿನ ಪಕ್ಕೆ ಎಷ್ಟು ಬಿಗಿಯೆಂದರೆ ಕೆಳಗಿನ ಒಂದೊಂದು ಹರಳೂ ಅಂಗೈಗೆ ಗೊತ್ತಾಗುತ್ತದೆ. ಆ ಖುಷಿಯಲ್ಲೇ ತಿರುವಿನಲ್ಲಿ ಜೋರು ಮಾಡಿದೆ. ಮುಂಭಾಗ ನೆಲ ಕಚ್ಚಿ ಹಿಡಿಯಿತು, ಹಿಂಭಾಗ ಹಿಡಿಯಲಿಲ್ಲ. ಗಾಬರಿಯಾಗಿ ಬ್ರೇಕ್ ಒತ್ತಿದೆ. ಭಾರವೆಲ್ಲ ಮುಂದೆ ಬಂದು ಹಿಂದೆ ಇನ್ನೂ ಹಗುರಾಯಿತು. ಹಳೇ ನಾಲ್ಕಿದ್ದಾಗ ಮುಂದಿನವು ಮೊದಲು ಕಿರುಚಿ ಎಚ್ಚರಿಸುತ್ತಿದ್ದವು. ಈ ಸಲ ಸದ್ದೇ ಇಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಕಾರು ಗಿರಕಿ ಹೊಡೆದು, ಬಂದ ದಾರಿಗೇ, ಶಹಾಪುರದ ಕಡೆಗೆ ಮುಖ ಮಾಡಿ ನಿಂತಿದ್ದೆ. ಕಾಲುವೆಗೆ ಮೂರು ಹೆಜ್ಜೆ.

ಇಷ್ಟಾದರೂ ಮಣ್ಣು ಒರೆಸಿ ಸುಮ್ಮನಾದೆ. ಮರುದಿನ ನೀನು ಒಂದು ಸುತ್ತು ಹೊಡೆದು ಬಂದು, ಎಷ್ಟ್ ಚುರುಕ್ ಆಗೇದಪ್ಪಾ, ಇನ್ಮ್ಯಾಲ ನಿನಗ ಮುದುಕ ಅನ್ನಂಗಿಲ್ಲ ನೋಡು ಎಂದು ನಕ್ಕೆ. ಎಷ್ಟೋ ವರ್ಷದ ಮೇಲೆ ನೀನು ನನ್ನೆದುರು ನಕ್ಕಿದ್ದೆ. ಹಾಗೇ ಕಳಿಸಿಕೊಟ್ಟೆ.

ರೇಸಿನ ದಿನ ಕಾರಿಗೆ ಯಾರನ್ನೂ ಕೈ ಹಚ್ಚಗೊಡುವವಳಲ್ಲ ನೀನು. ನಾಳೆ ಒಂದು ದಿನ ಆ ಹಟ ಬಿಡು. ಉಳಿದೆರಡು ಹೊಸ ಟೈರು ಈಗ ಬಂದಿವೆ, ಮೈನುದ್ದೀನ ಹಿಂದಿನ ಎರಡನ್ನೂ ಬದಲಿಸಲಿ. ಹೊಸ ರಬ್ಬರಿನ ಮೇಲೆ ನುಣುಪು ಇರುತ್ತದೆ, ಸಾವಕಾಶ ಓಡಿಸಿ ಮೊದಲು ಅದನ್ನು ಸವೆಸು. ಅಷ್ಟು ಹೊತ್ತಿಲ್ಲದಿದ್ದರೆ ರೇಸೇ ಬೇಡ. ಐ ಬೆಗ್ ಯು. ನನ್ನನ್ನು ಬೈಯಿ, ಮಾತು ಬಿಡು, ಆದರೆ ಬದುಕಿದ್ದು ಬೈಯಿ.

ಗಾಡಿ ಬಂತು. ಸಾಕ್ ಮಾಡ್ರಿ ಸರ್, ಕೊಡ್ರಿ ಎಂದು ಮೈನುದ್ದೀನ ಕೈ ಚಾಚಿದ್ದಾನೆ.

ಯುವರ್ಸ್ ಒಬೀಡಿಯೆಂಟ್ಲಿ (ಮಗಳಿಗೆ ಹೀಗೆ ಬರೆಯುವುದಿಲ್ಲವೇನೋ, ಇರಲಿ),
ನಿನ್ನ ಅಪ್ಪ
ಖಂಡಪ್ಪ

ತಾ.ಕ.: ಇಷ್ಟಕ್ಕೂ ನೀನು ಬಗ್ಗದಿದ್ದರೆ ಇದನ್ನು ಓದು. ನಿಮ್ಮವ್ವ ತೀರಿಕೊಂಡ ದಿನ ಕೆಂಭಾವಿ ರಸ್ತೆಯಲ್ಲಿ ನಾನು ಓಡಿಸುತ್ತಿದ್ದ ಜೀಪಿಗೆ ಎಮ್ಮೆ ಅಡ್ಡ ಬಂತು ಎಂದು ಎಲ್ಲರಿಗೂ ಹೇಳಿದ್ದೆ. ಅದರ ಹಿಂದಿನ ವಾರ ಜೀಪಿನ ಮುಂದಿನ ಎರಡು ಟೈರು ಮಾತ್ರ ಬದಲಿಸಿದ್ದೆ. ರಸ್ತೆ ಒದ್ದೆಯಿತ್ತು. ತಿರುವಿನಲ್ಲಿ ಹಿಂಭಾಗ ಹೀಗೆಯೇ, ಸದ್ದಿಲ್ಲದೆ ಜಾರಿತು. ಯಾಕೆಂದು ಬುಧವಾರ ಕಾಲುವೆಯ ದಂಡೆಯಲ್ಲಿ ಕುಳಿತಾಗ ಹೊಳೆಯಿತು. ಟೈರಿನ ಮಾತೆತ್ತಿದರೆ ಇದನ್ನೂ ಹೇಳಬೇಕಾಗುತ್ತಿತ್ತು, ಅದಕ್ಕೇ ಸುಮ್ಮನಿದ್ದೆ. ಎಮ್ಮೆ ಇರಲಿಲ್ಲ, ಅನೂ.